ಹಿತ್ತಲ ಗಿಡ

ಹಾರ್ಲಿಂಗೆನ್ ಬಂದರಿನಲ್ಲಿ ರಾತ್ರಿ ಎರಡು ಗಂಟೆ.
ಸಿಗಡಿ ದೋಣಿಗಳು ಹಗ್ಗ ಕಚ್ಚಿ ನಿಂತಿವೆ.
ನೀರುಬಾಗಿಲ ಕಾವಲು ಕೋಣೆಯಲ್ಲಿ ವೀಟ್ಸ್ಕೆ,
ಪಕ್ಕದಲ್ಲಿ ಆರಿದ ಕಾಫಿ,
ಒಂದು ವಾರದ ಉಬ್ಬರಗಳನ್ನೆಲ್ಲ ಗುಡ್ಡೆ ಹಾಕಿಕೊಂಡು
ಸರಾಸರಿ ಕೇಳುತ್ತಿದ್ದಾಳೆ.

ಬೇಕಾದದ್ದು ಇಷ್ಟೇ: ಇಂಪೋರ್ಟ್ ಎಂದು ಒಂದು ಸಾಲು.
ಯಾರೋ, ಎಂದೋ, ಮುಖ ಕಾಣದವರು
ಕೂಡಿ ಭಾಗಿಸುವ ಕೆಲಸ ಮುಗಿಸಿಟ್ಟು
ಬಾಗಿಲು ತೆರೆದೇ ಹೋಗಿದ್ದಾರೆ.
ಕರೆದರೆ ಸಾಕು. ಎರವಲು ತಂದದ್ದನ್ನು
ಮರಳಿಸು ಅನ್ನುವವರಿಲ್ಲ.

ಕರೆದಳು: ಸ್ಟ್ಯಾಟಿಸ್ಟಿಕ್ಸ್.
ಬಂತು. ಸದ್ದಿಲ್ಲದೆ ಬಂದು ನಿಂತಿತು.
ಮೀನ್ ಕೊಡು, ಅಂದಳು.
ಪರದೆ ಕೆಂಪಾಯಿತು:
ಸ್ಟ್ಯಾಟಿಸ್ಟಿಕ್ಸ್ ಬಳಿ ಮೀನ್ ಎಂಬುದಿಲ್ಲ.

ನನ್ನ ಕನ್ನಡದ ಕಿವಿಗೆ ನಗು ತಡೆಯದು,
ಬಂದರಿನಲ್ಲಿ ಕೂತು ಮೀನಿಲ್ಲವಂತೆ!
ಅವಳಿಗೆ ಅದು ಬರೀ ಲೆಕ್ಕದ ಮಾತು.
ಅವಳು ನಗಲಿಲ್ಲ.

ಕಾಗುಣಿತ ನೋಡಿದಳು, ತಿದ್ದಲು ಏನೂ ಇರಲಿಲ್ಲ.
ಪೈಥಾನ್ ಅಳಿಸಿ ಮತ್ತೆ ಹಾಕಿದಳು.
ನಡುವೆ ಒಂದು ಹಡಗು ಊದಿತು,
ಎದ್ದು, ಬಾಗಿಲು ತೆರೆದು, ದಾಟಿಸಿ, ಮುಚ್ಚಿ
ಬಂದು ಕೂತರೆ
ಮತ್ತೆ ಅದೇ ಇಲ್ಲ.

ಮೊದಲೇ ಕೇಳಬೇಕಿದ್ದ ಪ್ರಶ್ನೆ ಆಮೇಲೆ ಬಂತು:
ನೀನು ಎಲ್ಲಿಯವನು?
ಅದು ಮುಚ್ಚುಮರೆ ಇಲ್ಲದೆ ವಿಳಾಸ ಹೇಳಿತು.
ಅವಳದೇ ಫೋಲ್ಡರ್.
ಮಾರ್ಚಿನಲ್ಲಿ, ಕಲಿಯುವ ಹುಮ್ಮಸ್ಸಿನಲ್ಲಿ,
ಅದೇ ಹೆಸರಿಟ್ಟು ಎರಡು ಸಾಲು ಬರೆದು
ಮರೆತ ಕಡತ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಾವು.
ಈ ಹೆಬ್ಬಾವು ಮೊದಲು ಹಿತ್ತಲಿಗೇ ಹರಿಯುತ್ತದೆ,
ಹೆಸರು ಹೊಂದಿದರೆ ಸಾಕು, ಅದನ್ನೇ ಬೇರುಸಹಿತ ತರುತ್ತದೆ,
ಮುಂದಿನ ಬೀದಿಯತ್ತ ಹೆಡೆ ತಿರುಗಿಸದೆ.

ವೀಟ್ಸ್ಕೆಗೆ ಇದು ಹೊಸದೇನಲ್ಲ.
ಅವಳ ಅಜ್ಜಿಯೂ ವೀಟ್ಸ್ಕೆ.
ಯಾರಾದರೂ ಬಾಗಿಲಲ್ಲಿ ನಿಂತು ಕೂಗಿದರೆ
ಓಡುತ್ತಿದ್ದವಳು ಚಿಕ್ಕವಳು, ಹತ್ತಿರವಿದ್ದವಳು.
ಬಂದವರು ಅವಳ ತಲೆಯ ಮೇಲಿಂದ ಒಳಗೆ ನೋಡಿ
ನೀನಲ್ಲಮ್ಮ, ಬಲೆ ಹೆಣೆಯುವವಳು, ಅನ್ನುತ್ತಿದ್ದರು.
ಗಂಟು ಹಾಕಲು ಬಾರದ ಏಳು ವರ್ಷದ ಕೈ
ಬೆನ್ನ ಹಿಂದೆ ಅಡಗುತ್ತಿತ್ತು.

ಕಡತವನ್ನು ಅವಳು ಅಳಿಸಲಿಲ್ಲ.
ಹೆಸರು ಬದಲಿಸಿದಳು: ಲಿಟ್ಸ್.
ಫ್ರೀಸಿಯನ್ ಮಾತಿನಲ್ಲಿ, ಪುಟ್ಟದು.

ಮತ್ತೆ ಕರೆದಳು. ಈ ಸಲ ಓಗೊಟ್ಟದ್ದು ಹೊರಗಿನದು.
ತೊಂಬತ್ತಮೂರು ಸೆಂಟಿಮೀಟರ್, ಅಂದಿತು.
ಕಿಟಕಿಯಾಚೆ ನೀರು ಆಗಲೇ
ಅದಕ್ಕಿಂತ ಎರಡು ಬೆರಳು ಮೇಲಿತ್ತು.