ಹಂತ ಹದಿನೇಳು

ದುರ್ಗಿಗುಡಿಯ ಸಹಕಾರಿ ಬ್ಯಾಂಕಿನ ಮೂರನೇ ಮಹಡಿಯಲ್ಲಿ
ಐದು ಸರ್ವರುಗಳಿಗೆ ಐದು ಹೆಸರು:
ಕುಂಸಿ, ಅರಸಾಳು, ಆನಂದಪುರ, ಸಾಗರ, ತಾಳಗುಪ್ಪ.
ಇಟ್ಟವರು ಹುಚ್ಚರಾಯಪ್ಪ.
ಅವರಪ್ಪ ಆ ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿದ್ದರಂತೆ.
ಕೊನೇ ಸ್ಟೇಷನ್ ಮೊದಲು ಮಲಗಬೇಕು,
ಮೊದಲ ಸ್ಟೇಷನ್ ಮೊದಲು ಏಳಬೇಕು,
ಇಷ್ಟು ಗೊತ್ತಿದ್ದರೆ ಸಾಕಮ್ಮ ಜೆಸಿಂತಾ, ಎಂದು
ನಿವೃತ್ತಿಯ ದಿನ ಕೈಗಿತ್ತರು
ಹಾಲಿನ ಲೆಕ್ಕ ಬರೆಯುವಂಥ ಒಂದು ಉದ್ದ ಪುಸ್ತಕ.

ನಲವತ್ತೊಂದು ಹಂತ. ನೀಲಿ ಶಾಯಿ.
ಪರದೆಯ ಎಡಗಡೆ ಒತ್ತು. ಬಲಗಡೆ ಒತ್ತು. ಕಾಯಿ.
ಹಸಿರು ಬಾಣ ಬಂತೇ? ಮುಂದೆ ಹೋಗು.
ಬರಲಿಲ್ಲವೇ? ಮೊದಲಿನಿಂದ.
ತಿಂಗಳ ಕೊನೆಯ ಶನಿವಾರಗಳನ್ನೆಲ್ಲ
ಹತ್ತೊಂಬತ್ತು ವರ್ಷ ಆ ಮನುಷ್ಯ
ಮೌಸಿನ ಮೇಲೆ ಕೈಯಿಟ್ಟುಕೊಂಡೇ ಕಳೆದಿದ್ದರು.

ನನಗೆ ಅಷ್ಟು ತಾಳ್ಮೆಯಿಲ್ಲ.
ಕೈ ಮಾಡುತ್ತಿದ್ದುದನ್ನು ಅಕ್ಷರ ಮಾಡಲಿ ಎಂದು
ಸ್ಕ್ರಿಪ್ಟು ಬರೆಯಲು ಕೂತೆ:
ಕುಂಸಿಯ ಅಚ್ಚಿನಲ್ಲೇ ಇನ್ನೊಂದು ಎರೆ,
ಪೋರ್ಟು ಒಂಬತ್ತು ಸಾವಿರದ ಎಂಬತ್ತೊಂದು,
ನೆನಪಿಗೆ ನಾಲ್ಕು ಜೀಬಿ,
ಸಾಲ ವಿಭಾಗದ ಆ್ಯಪನ್ನು ಬೆನ್ನಿಗೇರಿಸು,
ಕ್ಲಸ್ಟರಿನ ಪಂಕ್ತಿಯಲ್ಲಿ ಕೂರಿಸು.

ಒಂದು ಖಾಲಿ ಜಾಗ ಹೆಚ್ಚಾದರೂ ಮುನಿಯುತ್ತದೆ ಈ ಭಾಷೆ;
ಎಲ್ಲಿ ಒಳಸರಿಯಬೇಕೋ ಅಲ್ಲೇ ಒಳಸರಿಯಬೇಕು ಸಾಲು,
ಹೊಸ ಬೀಗರ ಎದುರು ಕೂತ ಹಾಗೆ.
ಮತ್ತೆ, ಎಲ್ಲ ಮಾಡಿ, ಕೊನೆಗೆ
ಸೇವ್ ಎನ್ನದೆ ಎದ್ದುಬಂದೆಯೋ
ಏನನ್ನೂ ಮಾಡಿಲ್ಲ ನೀನು.
ಹುಟ್ಟಿಸಿದ ಸರ್ವರು ಹುಟ್ಟೇ ಇಲ್ಲ,
ಅಳಿಸಿದ್ದು ಅಲ್ಲೇ ಕೂತು ನಗುತ್ತಿರುತ್ತದೆ.
ಮೊದಲ ವಾರ ಎರಡು ಸಲ ಹಾಗಾಯಿತು.
ಯಾರಿಗೂ ಹೇಳಿಲ್ಲ.

ನಲವತ್ತೊಂದು ಹಂತ ನಲವತ್ತಾಯಿತು.
ಹದಿನೇಳನೆಯದನ್ನು ಏನು ಮಾಡಲಿ ತಿಳಿಯದೆ ಬಿಟ್ಟೆ:
‘ತಾಳಗುಪ್ಪ ನಿಲ್ಲಿಸುವ ಮುಂಚೆ
ಹೊಸನಗರಕ್ಕೆ ಫೋನ್ ಮಾಡು.’
ಯಾಕೆ, ಯಾರಿಗೆ, ಏನೆಂದು ಕೇಳಬೇಕು, ಬರೆದಿಲ್ಲ.
ಹಳೇ ಕಾಲದ ಉಪಚಾರವಿರಬೇಕು ಅಂದುಕೊಂಡೆ.

ಆ ಶನಿವಾರ ರಾತ್ರಿ ಎಂಟಕ್ಕೆ ಒಂದೇ ಒಂದು ಎಂಟರ್.
ನಾಲ್ಕು ನಿಮಿಷ. ಐದೂ ಸ್ಟೇಷನ್ ಮಲಗಿ ಎದ್ದವು.
ಲಾಗಿನಲ್ಲಿ ಒಂದು ಕೆಂಪಕ್ಷರವಿಲ್ಲ.
ಬಸ್‌ಸ್ಟ್ಯಾಂಡಿನ ಹತ್ತಿರ ಆಮ್ಲೆಟ್ ತಿಂದು
ರಾಣಿಯ ಹಾಗೆ ಮನೆಗೆ ಹೋದೆ.

ಸೋಮವಾರ ವಾರಿಜಾ ಫೋನು, ಹೊಸನಗರ ಶಾಖೆಯಿಂದ:
‘ತೇಕಪ್ಪನ ಪಿಗ್ಮಿ ಎಲ್ಲಿ ಹೋಯ್ತು ಮೇಡಂ?
ನೂರಾ ಹದಿನಾಲ್ಕು ಜನರದ್ದು. ಅರ್ಧ ಬಂದಿದೆ, ಅರ್ಧ ಇಲ್ಲ.
ನಿಟ್ಟೂರಿಂದ ಕೊನೇ ಬಸ್ಸಲ್ಲಿ ಬರ್ತಾನೆ,
ಎಂಟಾಗುತ್ತೆ, ಎಂಟೂಕಾಲಾಗುತ್ತೆ,
ಅವನ ಮಷೀನಿಂದ ಲೆಕ್ಕ ಇಳಿಯೋವರೆಗೆ ನಾನು ಬಾಗಿಲು ಹಾಕಲ್ಲ.
ರಾಯಪ್ಪ ಸರ್ ಇದ್ದಾಗ ಕೇಳೋರು,
ತೇಕಪ್ಪ ಬಂದ್ನಾ, ಅಂತ.
ಅಷ್ಟೇ ಕೇಳೋರು.’

ಎರಡು ದಿನ ಕೂತು ಕೈಯಿಂದ ಹೊಂದಿಸಿದೆವು:
ಹೋಟೆಲಿನ ಪದ್ದಯ್ಯ ಐವತ್ತು,
ಸೈಕಲ್ ಶಾಪಿನ ಅನ್ವರ್ ಇಪ್ಪತ್ತು,
ಹೂ ಕಟ್ಟುವ ಸೇಸಮ್ಮ ಹತ್ತು, ಮತ್ತೆ ಹತ್ತು.
ಲಾಗಿಗೆ ಇವರು ಯಾರೂ ಗೊತ್ತಿರಲಿಲ್ಲ.

ಈಗ ಹದಿನೇಳು ಒಂದು ಲೂಪು:
ಹೊಸನಗರದ ದಿನದ ಲೆಕ್ಕ ಮುಚ್ಚುವ ತನಕ
ಮೂವತ್ತು ಸೆಕೆಂಡು ಮಲಗು,
ಎದ್ದು ನೋಡು, ಮತ್ತೆ ಮಲಗು.
ಅದರ ಮೇಲೆ, ಯಂತ್ರ ಓದದೆ ದಾಟಿಹೋಗುವ ಸಾಲಿನಲ್ಲಿ,
ಕನ್ನಡದಲ್ಲೇ ಬರೆದಿದ್ದೇನೆ:
ತೇಕಪ್ಪ ಬಂದನೆ?

ಕಳೆದ ಶನಿವಾರ ಒಂಬತ್ತೂವರೆಯಾದರೂ
ಲೂಪು ಮಲಗುತ್ತ ಏಳುತ್ತ ಇತ್ತು.
ಅದೇನು, ಬೆಳಗಿನ ತನಕ ಬೇಕಾದರೂ ಕಾದೀತು.
ನನ್ನಿಂದ ಆಗಲಿಲ್ಲ. ಫೋನೆತ್ತಿದೆ.
‘ಬಸ್ಸು ಕೆಟ್ಟಿದೆಯಂತೆ ಮೇಡಂ,’ ಎಂದಳು ವಾರಿಜಾ,
‘ನಡ್ಕೊಂಡು ಬರ್ತಿದಾನೆ.’