ಕಲಕಿದ ಪದರ

ಕಾಫಿ ಕುಯ್ದು ಮುಗಿದ ಮೇಲೆ, ಹೂಮಳೆಗೆ ಮುಂಚೆ,
ಇಪ್ಪತ್ತೆರಡು ದಿನ.
ಅಷ್ಟೇ ಕೊಟ್ಟಿದ್ದರು ತೋಟದ ಯಜಮಾನರು
ಸಿದ್ದಾಪುರದಾಚೆ, ಸಿಲ್ವರ್ ಮರಗಳ ಸಾಲು ಮುರಿಯುವಲ್ಲಿ
ನೆಲಕ್ಕೆ ಅರ್ಧ ಇಳಿದು ಕೂತ ಪಾಂಡುಪಾರೆಗೆ.
ಮುಚ್ಚುಗಲ್ಲಿನ ಮೇಲೆ ಮೆಣಸು ಒಣಗುತ್ತಿತ್ತು.
"ಮೆಣಸು ಎತ್ತಿದ ಮೇಲೆ ಶುರು ಮಾಡಿ" ಅಂದರು.
ಹಾಗಾಗಿ ಇಪ್ಪತ್ತು.

ವಿರಾಜಪೇಟೆಯ ಬಸ್‌ಸ್ಟ್ಯಾಂಡ್ ಹಿಂದೆ ಅಪ್ಪನ ಟೈಲರ್ ಅಂಗಡಿ.
"ಗುಂಡಿ ಹೊಲಿದು ಎಂ.ಎ. ಓದಿಸಿದೆ,
ನೀನು ಗುಂಡಿ ತೋಡಲು ಹೊರಟೆ" ಎಂದು
ತನ್ನ ಮಾತಿಗೆ ತಾನೇ ನಕ್ಕು
ಅಳತೆ ಟೇಪೊಂದನ್ನು ಚೀಲಕ್ಕೆ ಹಾಕಿದ್ದ. ಇಂಚಿನದು.
ಇಲ್ಲಿ ಎಲ್ಲ ಸೆಂಟಿಮೀಟರು.

ಮೊದಲ ದಿನ ಗೂಟ, ದಾರ, ಮಟ್ಟ.
ಎರಡನೆಯ ದಿನ ಎಲೆ ಗುಡಿಸಿದ್ದು.
ಮೂರನೆಯ ದಿನ ಕೆಂಜಿಗ.
ಕರಣೆಯನ್ನು ನಾನು ಪೆನ್ನಿನಂತೆ ಹಿಡಿದಿದ್ದೆ.
"ಬರೀಬ್ಯಾಡವ್ವಾ, ಕೆರೀ" ಅಂದರು ಕಲಕೇರಿ ಸರ್.

ಚೆಲ್ಲಿಗೆ ಯಾರೂ ಏನೂ ಹೇಳಿಕೊಡಲಿಲ್ಲ.
ತೋಟದ ಲೈನಿನಿಂದ ದಿನಗೂಲಿಗೆ ಬಂದವಳು,
ಮೂವತ್ತು ವರ್ಷ ಕಾಫಿ ಗಿಡಕ್ಕೆ ಕುಳಿ ತೆಗೆದ ಕೈ.
ಐದನೆಯ ದಿನ, ಮೊಣಕಾಲಾಳದಲ್ಲಿ,
ಹೆಬ್ಬೆರಳಿಂದ ನೆಲ ಒತ್ತಿ ನೋಡಿ ಹೇಳಿದಳು:
ಈ ಮಣ್ಣಿಗೆ ಹಿಡಿತ ಇಲ್ಲ.
ಯಾರೋ ತೆಗೆದು ತಿರುಗಿ ತುಂಬಿದ್ದು.

ನನ್ನ ಕಣ್ಣಿಗೆ ಎಲ್ಲವೂ ಒಂದೇ ಕೆಂಪು.
ನಾನು ಮಡಕೆ ಬೇಡುತ್ತಿದ್ದೆ, ಒಳಗೆ ಕಪ್ಪು ಹೊರಗೆ ಕೆಂಪಿನದು;
ಹೋಗಲಿ, ಒಂದು ಮಣಿಯಾದರೂ.

ಸಂಜೆಗೆ ಜರಡಿಯಲ್ಲಿ ಉಳಿದದ್ದು
ಬೇರು, ಬೆಣಚುಕಲ್ಲು, ಒಂದು ಗುಂಡಿ.
ನಾಲ್ಕು ತೂತಿನ, ಚಿಪ್ಪಿನ, ಅಂಗಿಯ ಗುಂಡಿ.
"ನಮಗಿಂತ ಮೊದಲ ಯಾರೋ ಬಂದು ಹೋಗ್ಯಾರ"
ಎಂದು ಸರ್ ಬೀಡಿ ಹಚ್ಚಿದರು.

ಟೈಲರನ ಮಗಳು ನಾನು. ಗೊತ್ತಾಯಿತು:
ಎದೆಯದಲ್ಲ, ತೋಳಿನದು.
ಬಗ್ಗಿ ತೋಡುವಾಗ, ಮಡಿಸಿದ ತೋಳು ಬಿಗಿದು
ದಾರ ಕಿತ್ತಿರಬೇಕು.
ಬಂಗಾರಕ್ಕೆ ಬಂದವನೋ,
ಅವನಿಗೂ ಇದು ಮೊದಲ ಕೆಲಸವೋ,
ಬರಿಗೈಲಿ ಮನೆಗೆ ಹೋದಾಗ
ಬೇರೆ ಗುಂಡಿ ಯಾರು ಹಚ್ಚಿಕೊಟ್ಟರೋ.

ರಿಜಿಸ್ಟರಿನಲ್ಲಿ ನನ್ನ ಮೊದಲ ಸಾಲು:
ಕ್ರಮಸಂಖ್ಯೆ ಒಂದು. ಗುಂಡಿ. ಆಳ ನಲವತ್ತೆಂಟು.
ಪದರ, ಕಲಕಿದ್ದು.
ಪತ್ತೆ ಮಾಡಿದವರು...
ಅಲ್ಲಿ ಸರ್ ಹೆಸರು ಬರೆಯುವುದು ವಾಡಿಕೆಯಂತೆ.
"ಚೆಲ್ಲಿ" ಎಂದು ಬರೆದೆ.
ತಂದೆಯ ಹೆಸರೇನು, ಎಂದು ಕೇಳುವಷ್ಟರಲ್ಲಿ
ಪಕ್ಕದ ತೋಟದ ಸ್ಪ್ರಿಂಕ್ಲರ್ ಗಿರ್ರನೆ ತಿರುಗಿ
ಪುಟದ ಮೇಲೆ, ನಮ್ಮ ಮೇಲೆ, ತೆರೆದ ಮಣ್ಣಿನ ಮೇಲೆ.
ಆಗಲೇ ಟಾರ್ಪಾಲಿನ ಒಂದು ತುದಿ ಅವಳ ಕೈಲಿ:
"ಬರೆಯೋದು ಆಮೇಲೆ.
ಮೊದಲು ಗುಂಡಿ ಮುಚ್ಚು."