ಹದಿನಾಲ್ಕನೇ ಗೂಟ

ಹೆಲ್ಮೆಟ್ಟಿನೊಳಗೆ ಚೀಟಿ. ಕೈಯಿಟ್ಟೆ, ಹದಿನಾಲ್ಕು.
ಹದಿನೈದಕ್ಕೆ ಮುನೀರ್ ಪಾಷ.

ಶನಿವಾರ ಸಂಜೆ ನೀರಂಚಿಗೇ ನೆಟ್ಟಿದ್ದ ಗೂಟ;
ರಾತ್ರಿ ಮಂಡ್ಯದ ನಾಲೆಗೆ ಬಿಟ್ಟರು,
ಬೆಳಗ್ಗೆ ಕನ್ನಂಬಾಡಿ ಹಿನ್ನೀರು
ಹನ್ನೆರಡು ಹೆಜ್ಜೆ ಹಿಂದೆ ಸರಿದು ಕೂತಿದೆ,
ನಡುವೆ ಕೆಸರು, ಕಪ್ಪೆಚಿಪ್ಪು, ಯಾರದೋ ಒಂಟಿ ಚಪ್ಪಲಿ.
ಕಾರ್ಯದರ್ಶಿ ಪುಟ್ಟಮಾದಯ್ಯ ಸೀಟಿ ಊದಿದರು:
"ರೂಲ್ಸು ರೂಲ್ಸೇ. ಗೂಟ ಕೀಳಂಗಿಲ್ಲ."

ರಾಗಿಹಿಟ್ಟು, ಕಡ್ಲೆಕಾಯಿ ಹಿಂಡಿ, ಚಿಟಿಕೆ ಇಂಗು:
ಹೋದ ವರ್ಷ ಆರೂವರೆ ಕೆಜಿ ಕಾಟ್ಲಾ ತಂದ ಅದೇ ಉಂಡೆ.
"ಬಾಯಿಗಲ್ಲ, ಬೆನ್ನಿಗೆ ಸಿಕ್ಕಿದೆ ಗಾಳ" ಅಂದಿದ್ದ ಮುನೀರ,
ಎಲ್ಲರೆದುರು, ತಕ್ಕಡಿ ಪಕ್ಕದಲ್ಲೇ.
ಬಾಯಿಗೇ ಅಂತ ನಾನು ಆಣೆಯಿಟ್ಟೆ.
ಕಾಟ್ಲಾ ಏನೂ ಹೇಳಲಿಲ್ಲ.
ಆಮೇಲೆ ನಾವಿಬ್ಬರೂ.

ಹತ್ತು ಗಂಟೆ. ಹನ್ನೊಂದು. ಬೆಂಡು ಅಲುಗಲಿಲ್ಲ.
ಏಡಿಯೊಂದು ಬಂದು ಉಂಡೆಯನ್ನು
ಸಾವಕಾಶ ತಿಂದು ಹೋಯಿತು.
ಕೊನೇ ಸೀಟಿಗೆ ಆರು ನಿಮಿಷ ಇದ್ದಾಗ
ಅವನ ರೀಲು ಕಿರ್ರೆಂದಿತು.
ಗೆಂಡೆ, ದೊಡ್ಡದು, ನನ್ನ ದಾರದ ಕಡೆಗೇ ಓಡಿಬಂತು.
ಎತ್ತಿದರೆ ಅವನಿಗೆ ದಾರಿ, ಬಿಟ್ಟರೆ ಸಿಕ್ಕು;
ಸಿಕ್ಕಾದರೆ ನೀರನ್ನು ಬೈದು ಸುಮ್ಮನಿರಬಹುದು.

ಎತ್ತಿದೆ.
ಅಷ್ಟೇ ಅಲ್ಲ, ಮೊಣಕಾಲುದ್ದ ಕೆಸರಲ್ಲಿ ಹೂತು
ನನ್ನದೇ ಬಲೆಯನ್ನು ಅದರ ಹೊಟ್ಟೆಯಡಿ ಒಡ್ಡಿದೆ.
ನಾಲ್ಕು ಕೆಜಿ ಮುನ್ನೂರು. ಮೊದಲ ಬಹುಮಾನ.
ಗಾಳ ಬಾಯಿಗೇ ಸಿಕ್ಕಿತ್ತು; ಬಿಡಿಸಿದವನು ನಾನು.

ನನ್ನ ಹೆಸರಿನೆದುರು ಪುಟ್ಟಮಾದಯ್ಯ ಸೊನ್ನೆ ಬರೆದರು,
ಪೆನ್ನು ಮೂಡದೆ ಎರಡು ಸಲ ತಿದ್ದಿದರು.
ಮುನೀರ ಬೀಡಿ ಹಚ್ಚಿ, ನೀರಿನತ್ತ ನೋಡುತ್ತಲೇ ಅಂದ:
"ನಿನ್ ಬಲೇಲಿ ತೂತೈತೆ ಕಣಯ್ಯ, ಹೊಲಿಸ್ಕೊ."